ದೂರವೇ ಎಲ್ಲೆಯಲ್ಲ: ಶಾಖೆಗೊಂದು ಡೊಮೈನ್ ಎಂಬ ವಾದದ ಖಂಡನೆ

ಹಲವು ಊರುಗಳಲ್ಲಿ ಕಚೇರಿಗಳಿರುವ ಸಂಸ್ಥೆಯೊಂದು ತನ್ನ ಕಂಪ್ಯೂಟರ್ ಜಾಲವನ್ನು ಹೊಸದಾಗಿ ಕಟ್ಟಲು ಹೊರಟಾಗ, ಶಾಖೆಗೊಂದು ಡೊಮೈನ್ ಇರಬೇಕೆಂಬ ಸಲಹೆ ಹೆಚ್ಚಿನ ವಿಚಾರಣೆಯಿಲ್ಲದೆ ಒಪ್ಪಿತವಾಗಿಬಿಡುತ್ತದೆ. ಡೊಮೈನ್ ಎಂದರೆ ಒಂದೇ ಹೆಸರುಪಟ್ಟಿ, ಒಂದೇ ನಿಯಮಾವಳಿ ಮತ್ತು ಒಂದೇ ಆಡಳಿತಕ್ಕೆ ಒಳಪಟ್ಟ ಬಳಕೆದಾರರ, ಕಂಪ್ಯೂಟರುಗಳ ಹಾಗೂ ಪ್ರಿಂಟರುಗಳ ಸಮೂಹ. ಆ ಹೆಸರುಪಟ್ಟಿಯನ್ನು ಇಟ್ಟುಕೊಂಡು, ಬೆಳಿಗ್ಗೆ ಕೆಲಸಕ್ಕೆ ಕುಳಿತವರು ಕೊಟ್ಟ ಪಾಸ್‌ವರ್ಡ್ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಸರ್ವರ್‌ಗೆ ಡೊಮೈನ್ ಕಂಟ್ರೋಲರ್ ಎಂದು ಹೆಸರು. ಶಾಖೆಗಳ ನಕ್ಷೆಯಲ್ಲಿ ಕಾಣುವ ಪ್ರತಿಯೊಂದು ಚುಕ್ಕಿಗೂ ಒಂದೊಂದು ಡೊಮೈನನ್ನು ಹಂಚಿದರೆ ಯೋಜನೆ ಮುಗಿಯಿತೆಂದು ತಿಳಿಯುವ ಈ ಪದ್ಧತಿ, ಮಾಲೀಕರಿಗೆ ವಿವರಿಸಲು ಸುಲಭವಾಗಿರುವುದರಿಂದಲೇ ಇಷ್ಟು ಕಾಲ ಉಳಿದುಬಂದಿದೆ; ಅದರ ಆಧಾರಗಳು ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಡೊಮೈನ್ ಅಧಿಕಾರದ ಎಲ್ಲೆಯನ್ನು ಗುರುತಿಸುವ ಸಾಧನವೇ ಹೊರತು ಊರಿಂದೂರಿಗೆ ಇರುವ ದೂರವನ್ನು ಅಳೆಯುವ ಸಾಧನವಲ್ಲ. ಇವೆರಡನ್ನೂ ಕಲಸಿ ಕಟ್ಟಿದ ಜಾಲದಲ್ಲಿ ದೂರದ ತೊಂದರೆ ಇದ್ದಂತೆಯೇ ಇರುತ್ತದೆ, ಅದರ ಮೇಲೆ ಅಧಿಕಾರದ ಗೊಂದಲವೂ ಸೇರಿಕೊಳ್ಳುತ್ತದೆ.

ಶಾಖೆಗೊಂದು ಡೊಮೈನ್ ಎಂಬ ವಾದವನ್ನು ಕೊಡಗಿನ ನೆಲದಲ್ಲಿಟ್ಟು ಪರೀಕ್ಷಿಸುವುದು ಉಚಿತ, ಏಕೆಂದರೆ ಅದಕ್ಕೆ ಅಲ್ಲಿ ದೊರೆಯುವಷ್ಟು ಆಸರೆ ಬಯಲುಸೀಮೆಯಲ್ಲಿ ದೊರೆಯಲಾರದು. ಸುಮಾರು 4,100 ಚದರ ಕಿಲೋಮೀಟರ್ ವಿಸ್ತೀರ್ಣದ, ರೈಲುಮಾರ್ಗವಿಲ್ಲದ, ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ತಂತಿಯೂ ಕೇಬಲ್ಲೂ ಒಟ್ಟಿಗೇ ತುಂಡಾಗುವ ಈ ಜಿಲ್ಲೆಯ ಮುಖ್ಯ ವ್ಯವಹಾರವಾದ ಕಾಫಿಯೇ ಸ್ವಭಾವತಃ ಹಲವು ನೆಲೆಗಳದ್ದು: ಹಣ್ಣು ಎಸ್ಟೇಟಿನಲ್ಲಿ ಕೊಯ್ಲಾಗಿ, ಪಾರ್ಚ್‌ಮೆಂಟ್ ಅಥವಾ ಚೆರಿಯ ರೂಪದಲ್ಲಿ ಕ್ಯೂರಿಂಗ್ ವರ್ಕ್ಸಿಗೆ ಸಾಗಿ, ಅಲ್ಲಿ ಸಿಪ್ಪೆ ಬಿಡಿಸಿಕೊಂಡು ದರ್ಜೆವಾರು ವಿಂಗಡಣೆಯಾಗಿ, ಮತ್ತೊಂದು ಊರಿನಲ್ಲಿ ಮಾರಾಟವಾಗುತ್ತದೆ. ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದ ಕ್ರಮ 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣವಾಗಿ ಕೊನೆಗೊಂಡ ಮೇಲೆ, ದಾಸ್ತಾನು ಮತ್ತು ಮಾರಾಟದ ಲೆಕ್ಕವೆಲ್ಲ ಬೆಳೆಗಾರರ ಹಾಗೂ ಸಂಸ್ಥೆಗಳ ಹೆಗಲಿಗೇ ಬಿತ್ತು. ಚರ್ಚೆಯ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಸಂಸ್ಥೆಯನ್ನು ಇಟ್ಟುಕೊಳ್ಳಬಹುದು: ಅದರ ಪ್ರಧಾನ ಕಚೇರಿ ಮಡಿಕೇರಿಯಲ್ಲಿ, ಕ್ಯೂರಿಂಗ್ ವರ್ಕ್ಸ್ ಕುಶಾಲನಗರದಲ್ಲಿ, ಗೋದಾಮು ಗೋಣಿಕೊಪ್ಪದಲ್ಲಿ, ಎಸ್ಟೇಟ್ ಕಚೇರಿಗಳು ಸಿದ್ದಾಪುರ ಮತ್ತು ಸುಂಟಿಕೊಪ್ಪದಲ್ಲಿ, ಮಾರಾಟ ಕಚೇರಿ ಬೆಂಗಳೂರಿನಲ್ಲಿ, ಆರೂ ಕಡೆ ಸೇರಿ ನೂರೈವತ್ತು ಬಳಕೆದಾರರು.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ನಂತರವೇ ಅದನ್ನು ನಿರಾಕರಿಸುವುದು ನ್ಯಾಯ. ಶಾಖೆಗೊಂದು ಡೊಮೈನ್ ಬೇಕೆನ್ನುವವರು ನಾಲ್ಕು ಕಾರಣಗಳನ್ನು ಕೊಡುತ್ತಾರೆ. ಸಂಪರ್ಕ ಕಡಿದುಹೋದಾಗಲೂ ಶಾಖೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಮೊದಲನೆಯದು. ಒಂದು ಶಾಖೆಗೆ ನುಗ್ಗಿದ ಕಳ್ಳ ಇನ್ನೊಂದಕ್ಕೆ ನುಗ್ಗದಂತೆ ನಡುವೆ ಗೋಡೆಯಿರಬೇಕು ಎಂಬುದು ಎರಡನೆಯದು. ಶಾಖೆಯ ಸಿಬ್ಬಂದಿಯೇ ತಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವಂತಾಗಬೇಕು ಎಂಬುದು ಮೂರನೆಯದು. ಅಂತರಜಾಲದ ಹೆಸರುಗಳೇ ಮರದಂತೆ ಕವಲೊಡೆದಿರುವಾಗ ಸಂಸ್ಥೆಯ ಜಾಲವೂ ಹಾಗೆಯೇ ಕವಲೊಡೆಯುವುದು ಸಹಜ ಎಂಬುದು ನಾಲ್ಕನೆಯದು. ನಾಲ್ಕೂ ಬೇಡಿಕೆಗಳು ಯುಕ್ತವಾದವು. ಅವುಗಳಲ್ಲಿ ಒಂದಕ್ಕಾದರೂ ಪ್ರತ್ಯೇಕ ಡೊಮೈನ್ ಉತ್ತರವಾಗುತ್ತದೆಯೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಈ ನಂಬಿಕೆಗೊಂದು ಕಾಲವಿತ್ತು. ಪೂಲ್ ಪದ್ಧತಿ ಮುಗಿದ 1996ರಲ್ಲೇ ಮಾರುಕಟ್ಟೆಗೆ ಬಂದ ವಿಂಡೋಸ್ ಎನ್‌ಟಿ 4.0ರಲ್ಲಿ ಒಂದು ಡೊಮೈನಿಗೆ ಬರೆಯಬಲ್ಲ ಕಂಟ್ರೋಲರ್ ಒಂದೇ ಇರುತ್ತಿತ್ತು. ಪ್ರೈಮರಿ ಎಂದು ಕರೆಯಲಾಗುತ್ತಿದ್ದ ಅದರ ನಕಲನ್ನು ಬ್ಯಾಕಪ್ ಕಂಟ್ರೋಲರುಗಳು ಇಟ್ಟುಕೊಳ್ಳುತ್ತಿದ್ದವಾದರೂ ಅವುಗಳಲ್ಲಿ ಓದಬಹುದಿತ್ತೇ ಹೊರತು ಬರೆಯುವಂತಿರಲಿಲ್ಲ. ಖಾತೆಗಳ ಸಂಗ್ರಹ 40 ಮೆಗಾಬೈಟನ್ನು ಮೀರಬಾರದೆಂಬ ಶಿಫಾರಸಿತ್ತು, ಮತ್ತು ಡೊಮೈನಿನ ಒಂದು ಭಾಗದ ಮೇಲಷ್ಟೇ ಒಬ್ಬರಿಗೆ ಅಧಿಕಾರ ಕೊಡುವ ಉಪಾಯವಿರಲಿಲ್ಲ. ಕೊಟ್ಟರೆ ಇಡೀ ಡೊಮೈನಿನ ಕೀಲಿಕೈಯನ್ನೇ ಕೊಡಬೇಕಾಗಿತ್ತು. ಅಂದಿನ ಯೋಜಕರ ಕೈಯಲ್ಲಿದ್ದ ಒಂದೇ ಸಾಧನ ಡೊಮೈನ್ ಆಗಿದ್ದುದರಿಂದ, ದೂರಕ್ಕೂ ಅಧಿಕಾರಕ್ಕೂ ಅದನ್ನೇ ಬಳಸುವುದು ಅವರಿಗೆ ಅನಿವಾರ್ಯವಾಗಿತ್ತು. 2000ದ ಫೆಬ್ರವರಿ 17ರಂದು ವಿಂಡೋಸ್ 2000ದ ಜೊತೆಗೆ ಬಿಡುಗಡೆಯಾದ ಆಕ್ಟಿವ್ ಡೈರೆಕ್ಟರಿ ಎಂಬ ಹೊಸ ಹೆಸರುಪಟ್ಟಿ ವ್ಯವಸ್ಥೆ ಈ ಅನಿವಾರ್ಯತೆಯನ್ನು ತೆಗೆದುಹಾಕಿತು: ಎಲ್ಲ ಕಂಟ್ರೋಲರುಗಳಲ್ಲೂ ಬರೆಯುವುದು ಸಾಧ್ಯವಾಯಿತು, ಡೊಮೈನಿನ ಒಳಗೇ ವಿಭಾಗಗಳನ್ನು ಮಾಡಿ ಅಧಿಕಾರ ಹಂಚುವುದು ಸಾಧ್ಯವಾಯಿತು, ದೂರವನ್ನು ನಿಭಾಯಿಸಲು ಸೈಟ್ ಎಂಬ ಬೇರೆಯೇ ಸಾಧನ ಬಂದಿತು. ಕಾರಣ ಹೋದ ಮೇಲೂ ರೂಢಿ ಉಳಿಯಿತು. ಇಂದು ಶಾಖೆಗೊಂದು ಡೊಮೈನ್ ಎನ್ನುವವರು ಕಾಲು ಶತಮಾನದ ಹಿಂದೆಯೇ ಬಗೆಹರಿದ ತೊಡಕಿಗೆ ಔಷಧ ಬರೆಯುತ್ತಿದ್ದಾರೆ.

ಸೈಟ್ ಎಂದರೆ ಪರಸ್ಪರ ವೇಗದ ಸಂಪರ್ಕವಿರುವ ಸಬ್‌ನೆಟ್ಟುಗಳ ಗುಂಪು. ಸಬ್‌ನೆಟ್ ಎಂದರೆ ಒಂದು ಕಟ್ಟಡಕ್ಕೋ ಒಂದು ಕಚೇರಿಗೋ ಮೀಸಲಿಟ್ಟ ಜಾಲವಿಳಾಸಗಳ ಸಾಲು. ಮೇಲೆ ಹೇಳಿದ ಸಂಸ್ಥೆಯಲ್ಲಿ 10.20.4 ಎಂದು ಆರಂಭವಾಗುವ ವಿಳಾಸಗಳೆಲ್ಲ ಸಿದ್ದಾಪುರದವು ಎಂದು ಒಮ್ಮೆ ದಾಖಲಿಸಿದರೆ ಸಾಕು, 10.20.4.37 ಎಂಬ ವಿಳಾಸದ ಕಂಪ್ಯೂಟರ್ ಯಾವ ಕಂಟ್ರೋಲರನ್ನು ವಿಚಾರಿಸಿದರೂ ಅದು ವಿಳಾಸವನ್ನು ನೋಡಿ, ಸಿದ್ದಾಪುರದ ಸೈಟಿಗೆ ಹತ್ತಿರದ ಕಂಟ್ರೋಲರಿನತ್ತ ಕೈತೋರಿಸುತ್ತದೆ. ಒಂದು ಸೈಟಿನಿಂದ ಇನ್ನೊಂದಕ್ಕೆ ಬದಲಾವಣೆಗಳನ್ನು ಸಾಗಿಸುವ ಕ್ರಿಯೆಗೆ ರೆಪ್ಲಿಕೇಶನ್ ಎಂದು ಹೆಸರು. ಅದು ಮಾಹಿತಿಯನ್ನು ಕುಗ್ಗಿಸಿ, ನಿಗದಿಪಡಿಸಿದ ಅವಧಿಗೊಮ್ಮೆ ನಡೆಯುತ್ತದೆ, ಆ ಅವಧಿಯನ್ನು ಬದಲಾಯಿಸದಿದ್ದರೆ 180 ನಿಮಿಷ, ಸಾಮಾನ್ಯ ವೇಳಾಪಟ್ಟಿಯಲ್ಲಿ ಕನಿಷ್ಠ 15 ನಿಮಿಷ. ದುರ್ಬಲ ಸಂಪರ್ಕದ ಎಸ್ಟೇಟಿಗೆ ಒಂದು ವೇಳಾಪಟ್ಟಿ, ಫೈಬರ್ ಇರುವ ಕುಶಾಲನಗರಕ್ಕೆ ಮತ್ತೊಂದು ವೇಳಾಪಟ್ಟಿ ಎಂದು ಒಂದೇ ಡೊಮೈನಿನೊಳಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ದೂರಕ್ಕೆ ಉತ್ತರ ಇದು. ಡೊಮೈನಿನ ಹೆಸರು ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ಇನ್ನು ಮಳೆಯ ವಾದ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದ ಗುಡ್ಡಗಳು ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿ ಬಂದಾದುದನ್ನು ಕಂಡ ಜಿಲ್ಲೆಯಲ್ಲಿ, ತ್ರಿವೇಣಿ ಸಂಗಮ ಉಕ್ಕಿ ಭಾಗಮಂಡಲ ಮತ್ತೆ ಮತ್ತೆ ದ್ವೀಪವಾಗುವ ಜಿಲ್ಲೆಯಲ್ಲಿ, ಸಂಪರ್ಕ ಕಡಿಯುವುದೆಂಬುದು ಯೋಜನೆಯ ಕೊನೆಯ ಪುಟದ ಅಡಿಟಿಪ್ಪಣಿಯಾಗಲಾರದು. ಆದರೆ ಸಿದ್ದಾಪುರದ ತಂತಿ ತುಂಡಾದ ಬೆಳಿಗ್ಗೆ ಏನು ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಕಂಟ್ರೋಲರೊಂದಿದ್ದರೆ ಅದು ತನ್ನಲ್ಲಿರುವ ಪಟ್ಟಿಯನ್ನು ನೋಡಿ ಶಾಖೆಯವರನ್ನು ಒಳಗೆ ಬಿಡುತ್ತದೆ; ಇಲ್ಲದಿದ್ದರೆ, ಆ ಕಂಪ್ಯೂಟರಿನಲ್ಲಿ ಹಿಂದೆ ಕೆಲಸ ಮಾಡಿದ ಹತ್ತು ಜನರವರೆಗಿನ ಗುರುತನ್ನು ವಿಂಡೋಸ್ ತಾನಾಗಿಯೇ ನೆನಪಿಟ್ಟುಕೊಂಡಿರುವುದರಿಂದ ಅವರು ಒಳಗೆ ಹೋಗುತ್ತಾರೆ. ಶಾಖೆಯನ್ನು ಕಾಯುವುದು ಅಲ್ಲಿರುವ ಕಂಟ್ರೋಲರ್. ಆ ಕಂಟ್ರೋಲರ್ ಸಂಸ್ಥೆಯ ಒಂದೇ ಡೊಮೈನಿಗೆ ಸೇರಿದ್ದರೂ ಅಷ್ಟೇ, ಸಿದ್ದಾಪುರದ್ದೇ ಆದ ಡೊಮೈನಿಗೆ ಸೇರಿದ್ದರೂ ಅಷ್ಟೇ.

ಅಷ್ಟೇ ಎಂದರೂ ಪೂರ್ವಪಕ್ಷಕ್ಕೆ ಉದಾರವಾದಂತಾಯಿತು, ಏಕೆಂದರೆ ಹಲವು ಡೊಮೈನುಗಳಿರುವಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ. ಒಂದೇ ವಿನ್ಯಾಸವನ್ನು ಹಂಚಿಕೊಂಡು ಪರಸ್ಪರ ನಂಬುವ ಡೊಮೈನುಗಳ ಒಟ್ಟು ಕೂಟಕ್ಕೆ ಫಾರೆಸ್ಟ್ ಎನ್ನುತ್ತಾರೆ, ಮತ್ತು ಆ ಕೂಟದ ಎಲ್ಲ ಡೊಮೈನುಗಳ ಸಂಕ್ಷಿಪ್ತ ಸೂಚಿಗೆ ಗ್ಲೋಬಲ್ ಕ್ಯಾಟಲಾಗ್ ಎನ್ನುತ್ತಾರೆ. ಡೊಮೈನುಗಳು ಹಲವಿದ್ದಾಗ, ಬಳಕೆದಾರರು ಯಾವ ಯಾವ ಸಾರ್ವತ್ರಿಕ ಗುಂಪುಗಳಿಗೆ ಸೇರಿದ್ದಾರೆಂದು ತಿಳಿಯಲು ಕಂಟ್ರೋಲರ್ ಈ ಸೂಚಿಯನ್ನು ವಿಚಾರಿಸಬೇಕಾಗುತ್ತದೆ. ಸೂಚಿ ಮಡಿಕೇರಿಯಲ್ಲಿದ್ದು ದಾರಿ ಕಡಿದಿದ್ದರೆ, ಕಂಟ್ರೋಲರ್ ಪಕ್ಕದ ಕೋಣೆಯಲ್ಲೇ ಇದ್ದೂ ಪ್ರವೇಶವನ್ನು ನಿರಾಕರಿಸಬಹುದು. ಇದನ್ನು ತಪ್ಪಿಸಲು ಆ ಸೂಚಿಯನ್ನೂ ಶಾಖೆಗೆ ತರಬೇಕು, ಇಲ್ಲವೇ ವಿಂಡೋಸ್ ಸರ್ವರಿನ 2003ರ ಆವೃತ್ತಿಯಿಂದ ಬಂದಿರುವ ಗುಂಪು ನೆನಪಿಡುವ ವ್ಯವಸ್ಥೆಯನ್ನು ಜೋಡಿಸಬೇಕು. ಒಂದೇ ಡೊಮೈನಿನ ಫಾರೆಸ್ಟಿನಲ್ಲಿ ಈ ವಿಚಾರಣೆಯೇ ಬೇಕಾಗುವುದಿಲ್ಲ. ಹಾಗೆಯೇ, ಮೂಲ ಡೊಮೈನಿನ ಕೆಳಗೆ ಕವಲಾಗಿ ಕಟ್ಟಿದ ಮರಿ ಡೊಮೈನುಗಳ ನಡುವಿನ ನಂಬಿಕೆಯ ದಾರಿ, ಇಲ್ಲಿ ಮಡಿಕೇರಿಯಲ್ಲಿರುವ, ಆ ಮೂಲ ಡೊಮೈನಿನ ಮೂಲಕವೇ ಹಾದುಹೋಗುತ್ತದೆ. ಸಿದ್ದಾಪುರದ ನೌಕರರು ಕುಶಾಲನಗರದ ಸರ್ವರಿನಲ್ಲಿರುವ ತೂಕದ ಲೆಕ್ಕವನ್ನು ತೆರೆಯಬೇಕಾದರೆ ಮಡಿಕೇರಿಯ ಕಂಟ್ರೋಲರಿನ ಒಪ್ಪಿಗೆ ಚೀಟಿ ಬೇಕು, ಮಡಿಕೇರಿ ಕತ್ತಲಲ್ಲಿದ್ದರೆ ಸಿದ್ದಾಪುರ–ಕುಶಾಲನಗರದ ತಂತಿ ನೆಟ್ಟಗಿದ್ದೂ ಕೆಲಸ ನಿಲ್ಲುತ್ತದೆ. ಸ್ವಾವಲಂಬನೆಗೆಂದು ಕಟ್ಟಿದ ವ್ಯವಸ್ಥೆ ಹೀಗೆ ಪರಾವಲಂಬನೆಯಾಗಿ ಮುಗಿಯುತ್ತದೆ. ಎಸ್ಟೇಟಿನ ಕಂಟ್ರೋಲರ್ ದೀರ್ಘಕಾಲ ಬೇರೆಯಾಗಿದ್ದರೆ ಮತ್ತೆ ಸೇರಲಾರದೆಂಬ ಭಯವೂ ಅಳತೆಮೀರಿದ್ದು: ಅಳಿಸಿದ ಖಾತೆಗಳ ಗುರುತನ್ನು ಈಗಿನ ಆವೃತ್ತಿಗಳು ಸಾಮಾನ್ಯವಾಗಿ 180 ದಿನ ಉಳಿಸಿಕೊಳ್ಳುತ್ತವೆ, ಆ ಅವಧಿಯೊಳಗೆ ಮರಳಿದ ಕಂಟ್ರೋಲರ್ ಮತ್ತೆ ಸೇರಿಕೊಳ್ಳಬಹುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಸುಮಾರು 120 ದಿನಗಳದ್ದು.

ಸುರಕ್ಷತೆಯ ವಾದ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಇಲ್ಲದ ಗೋಡೆಯನ್ನು ಇದೆಯೆಂದು ನಂಬಿಸುತ್ತದೆ. ಡೊಮೈನಿನ ಎಲ್ಲೆಯೇ ಸುರಕ್ಷತೆಯ ಎಲ್ಲೆಯೆಂಬ ಮಾತನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಬಹಳ ಹಿಂದೆ ಕೈಬಿಟ್ಟು, ಆ ಎಲ್ಲೆ ಫಾರೆಸ್ಟೇ ಎಂದು ಸ್ಪಷ್ಟಪಡಿಸಿದೆ. ಫಾರೆಸ್ಟಿನ ವಿನ್ಯಾಸ ಮತ್ತು ಸಂರಚನೆಯ ಮಾಹಿತಿ ಪ್ರತಿಯೊಂದು ಡೊಮೈನಿನ ಪ್ರತಿಯೊಂದು ಕಂಟ್ರೋಲರಿನಲ್ಲೂ ಇರುವುದರಿಂದ, ಯಾವುದೋ ಒಂದು ಮರಿ ಡೊಮೈನಿನ ಕಂಟ್ರೋಲರನ್ನು ಪೂರ್ತಿಯಾಗಿ ವಶಪಡಿಸಿಕೊಂಡವರಿಗೆ ಇಡೀ ಫಾರೆಸ್ಟಿನ ಅಧಿಕಾರವನ್ನು ಕಸಿಯುವ ದಾರಿಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ಆರು ಡೊಮೈನುಗಳೆಂದರೆ ಒಂದೇ ಮನೆಗೆ ಇಟ್ಟ ಆರು ಬಾಗಿಲುಗಳು. ಮೆಣಸಿನ ಚೀಲಗಳ ಪಕ್ಕದಲ್ಲಿ, ಸಾಮಾನ್ಯ ಬೀಗ ಹಾಕಿದ ಎಸ್ಟೇಟ್ ಕೋಣೆಯಲ್ಲಿಟ್ಟ ಸರ್ವರನ್ನು ಯಾರಾದರೂ ಹೊತ್ತುಕೊಂಡು ಹೋದಾರೆಂಬ ಆತಂಕ ನಿಜವಾದುದೇ. ಅದಕ್ಕೆ 2008ರ ವಿಂಡೋಸ್ ಸರ್ವರಿನಿಂದ ಓದಲಷ್ಟೇ ಬರುವ ಡೊಮೈನ್ ಕಂಟ್ರೋಲರ್ ಎಂಬ ಪರಿಹಾರವಿದೆ. ಅದರಲ್ಲಿ ಅನುಮತಿ ಕೊಟ್ಟ ಕೆಲವರ ಪಾಸ್‌ವರ್ಡುಗಳಷ್ಟೇ ಉಳಿಯುತ್ತವೆ, ಅದರಿಂದ ಹೊರಗೆ ಯಾವ ಬದಲಾವಣೆಯೂ ಸಾಗುವುದಿಲ್ಲ, ಕಳುವಾದರೆ ಆ ಕೆಲವರ ಪಾಸ್‌ವರ್ಡುಗಳನ್ನು ಬದಲಾಯಿಸಿ ಅದರ ಖಾತೆಯನ್ನು ಅಳಿಸಿದರಾಯಿತು. ಮರಿ ಡೊಮೈನಿನ ಪೂರ್ಣ ಕಂಟ್ರೋಲರ್ ಕಳುವಾದರೆ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ.

ದಾಳಿಯೊಂದು ಇಡೀ ಸಂಸ್ಥೆಯನ್ನು ನುಂಗಿದ ಪ್ರಸಂಗವನ್ನು ಮುಂದಿಟ್ಟು ಪ್ರತ್ಯೇಕ ಡೊಮೈನುಗಳನ್ನು ಸಮರ್ಥಿಸುವುದುಂಟು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಮೇರ್ಸ್ಕ್ ಹಡಗು ಸಂಸ್ಥೆಯ ಜಾಲವನ್ನು ಹೊಕ್ಕು, ಜಗತ್ತಿನಾದ್ಯಂತ ಇದ್ದ ಅದರ ಸುಮಾರು 150 ಡೊಮೈನ್ ಕಂಟ್ರೋಲರುಗಳನ್ನು ಅಳಿಸಿಹಾಕಿತು. ಘಾನಾ ದೇಶದ ಕಚೇರಿಯಲ್ಲಿದ್ದ ಒಂದು ಕಂಟ್ರೋಲರ್ ಮಾತ್ರ, ದಾಳಿಗೆ ಮೊದಲೇ ಅಲ್ಲಿ ಕರೆಂಟ್ ಹೋಗಿದ್ದುದರಿಂದ ಉಳಿದುಕೊಂಡಿತೆಂದೂ, ಆ ಪ್ರತಿಯಿಂದಲೇ ಹೆಸರುಪಟ್ಟಿಯನ್ನು ಮರಳಿ ಕಟ್ಟಲಾಯಿತೆಂದೂ ವೈರ್ಡ್ ಪತ್ರಿಕೆ 2018ರಲ್ಲಿ ವರದಿ ಮಾಡಿತು. ಆ ಕುತಂತ್ರಾಂಶ ವಿಂಡೋಸಿನ ದೋಷವೊಂದನ್ನು ಬಳಸಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾರುತ್ತಿತ್ತು. ಎದುರಿನದು ಯಾವ ಡೊಮೈನಿಗೆ ಸೇರಿದೆ ಎಂಬುದನ್ನು ಆ ದೋಷ ಕೇಳುವುದಿಲ್ಲ. ಕಂಟ್ರೋಲರುಗಳು ಒಂದಕ್ಕೊಂದು ನಕಲಾಗಿದ್ದ ಮಾತ್ರಕ್ಕೆ ಬ್ಯಾಕಪ್ ಇದ್ದಂತಾಗುವುದಿಲ್ಲ ಎಂಬುದೇ ಆ ಪ್ರಸಂಗದ ಪಾಠ. ಕರೆಂಟ್ ಹೋಗುವುದರಲ್ಲಿ ಕೊಡಗು ಯಾರಿಗೂ ಕಡಿಮೆಯಿಲ್ಲವಾದರೂ, ಆ ಭಾಗ್ಯವನ್ನು ನಂಬಿ ಕೂರುವುದಕ್ಕಿಂತ, ವಾರಕ್ಕೊಮ್ಮೆ ತೆಗೆದ ಬ್ಯಾಕಪ್ಪನ್ನು ಜಾಲದಿಂದ ಕಳಚಿ ಬೀರುವಿನಲ್ಲಿಡುವುದು ಲೇಸು.

ಶಾಖೆಯ ಆಡಳಿತ ಶಾಖೆಯವರಿಗೇ ಇರಲಿ ಎಂಬ ಮೂರನೆಯ ಬೇಡಿಕೆಗೆ ಆರ್ಗನೈಸೇಷನಲ್ ಯೂನಿಟ್, ಅಂದರೆ ಡೊಮೈನಿನ ಒಳಗಿನ ವಿಭಾಗ, ನೇರ ಉತ್ತರ. ಸಿದ್ದಾಪುರದ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದು ವಿಭಾಗದಲ್ಲಿಟ್ಟು, ಅಲ್ಲಿನ ಪಾಸ್‌ವರ್ಡುಗಳನ್ನು ಬದಲಾಯಿಸುವ ಅಧಿಕಾರವನ್ನಷ್ಟೇ ಅಲ್ಲಿನ ಒಬ್ಬ ನೌಕರರಿಗೆ ಕೊಡಬಹುದು. ಅವರಿಗೆ ಬೆಂಗಳೂರಿನ ಒಂದು ಖಾತೆಯನ್ನೂ ಮುಟ್ಟಲಾಗದು. ಶಾಖೆಗೆ ತಕ್ಕ ನಿಯಮಗಳನ್ನು ಗ್ರೂಪ್ ಪಾಲಿಸಿಯ ಮೂಲಕ ಆ ವಿಭಾಗಕ್ಕೇ ಕಟ್ಟಬಹುದು. ಪಾಸ್‌ವರ್ಡಿನ ನಿಯಮ ಡೊಮೈನಿಗೆ ಒಂದೇ ಇರಬಹುದೆಂಬ ಮಿತಿ ಒಂದು ಕಾಲಕ್ಕೆ ಪ್ರತ್ಯೇಕ ಡೊಮೈನಿಗೆ ಸಾಚಾ ಕಾರಣವಾಗಿತ್ತು. ಗುಂಪಿಗೊಂದು ನಿಯಮ ಇಡುವ ಸೌಲಭ್ಯ 2008ರಲ್ಲಿ ಬಂದ ಮೇಲೆ ಅದೂ ಉಳಿದಿಲ್ಲ.

ಪ್ರತ್ಯೇಕತೆಯ ಬೆಲೆಯನ್ನೂ ಲೆಕ್ಕ ಹಾಕಬೇಕು. ಒಂದು ಕೆಟ್ಟರೆ ಇನ್ನೊಂದಿರಲೆಂದು ಪ್ರತಿ ಡೊಮೈನಿಗೂ ಕನಿಷ್ಠ ಎರಡು ಕಂಟ್ರೋಲರ್ ಬೇಕಾಗುವುದರಿಂದ ಆರು ಡೊಮೈನುಗಳಿಗೆ ಹನ್ನೆರಡು ಸರ್ವರುಗಳಾಗುತ್ತವೆ. ಏಕ ಡೊಮೈನಿಗಾದರೆ ಮಡಿಕೇರಿಯಲ್ಲಿ ಎರಡು, ಕುಶಾಲನಗರದಲ್ಲಿ ಒಂದು, ಎಸ್ಟೇಟುಗಳಲ್ಲಿ ಓದಲಷ್ಟೇ ಬರುವ ಒಂದೊಂದು ಎಂದು ಐದರಲ್ಲಿ ಮುಗಿಯುತ್ತದೆ. ಕಂಟ್ರೋಲರುಗಳಲ್ಲಿ ಒಂದೇ ಒಂದಕ್ಕೆ ವಹಿಸಬೇಕಾದ ವಿಶೇಷ ಹೊಣೆಗಳು ಫಾರೆಸ್ಟಿಗೆ ಎರಡು, ಡೊಮೈನಿಗೆ ತಲಾ ಮೂರು. ಆದ್ದರಿಂದ ಏಕ ಡೊಮೈನಿನಲ್ಲಿ ಐದು ಹೊಣೆಗಳಿದ್ದರೆ ಆರು ಡೊಮೈನುಗಳಲ್ಲಿ ಇಪ್ಪತ್ತು. ನೂರೈವತ್ತು ಬಳಕೆದಾರರ ಸಂಸ್ಥೆಯಲ್ಲಿ ಇವನ್ನೆಲ್ಲ ನೋಡಿಕೊಳ್ಳುವವರು ಒಬ್ಬರೋ ಇಬ್ಬರೋ.

ಯಂತ್ರಗಳಿಗಿಂತ ಹೆಚ್ಚಿನ ತೊಂದರೆ ಮನುಷ್ಯರು ಊರು ಬದಲಿಸಿದಾಗ ಕಾಣುತ್ತದೆ. ಸಿದ್ದಾಪುರದ ಎಸ್ಟೇಟಿನ ರೈಟರ್ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿಗೆ ವರ್ಗವಾದರೆಂದುಕೊಳ್ಳೋಣ. ಡೊಮೈನ್ ಒಂದೇ ಇದ್ದಾಗ ಅವರ ಖಾತೆಯನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಸರಿಸಿದರಾಯಿತು. ಖಾತೆಯ ಆಂತರಿಕ ಗುರುತುಸಂಖ್ಯೆ ಬದಲಾಗುವುದಿಲ್ಲ, ಕಡತಗಳ ಮೇಲಿನ ಹಕ್ಕು ಹಾಗೆಯೇ ಉಳಿಯುತ್ತದೆ. ಡೊಮೈನುಗಳು ಬೇರೆಯಾಗಿದ್ದರೆ ಗುರುತುಸಂಖ್ಯೆಯೇ ಹೊಸದಾಗುತ್ತದೆ, ಹಳೆಯ ಹಕ್ಕುಗಳನ್ನು ಉಳಿಸಲು ಹಳೆಯ ಸಂಖ್ಯೆಯನ್ನು ಖಾತೆಯ ಚರಿತ್ರೆಯಲ್ಲಿ ಹೊರಿಸಬೇಕಾಗುತ್ತದೆ. ಕೊಡವರ ಒಕ್ಕದ, ಅಂದರೆ ಮನೆತನದ, ಕ್ರಮವನ್ನು ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಒಕ್ಕಕ್ಕೆ ಐನ್‌ಮನೆ ಎಂಬ ಮೂಲಮನೆ ಒಂದು, ಹಿರಿಯನಾದ ಪಟ್ಟೆದಾರ ಒಬ್ಬ, ಮನೆಪೆದ ಎಂಬ ಮನೆತನದ ಹೆಸರು ಒಂದು. ಒಕ್ಕದವರು ವಿರಾಜಪೇಟೆಯಲ್ಲಿ ಮನೆ ಕಟ್ಟಲಿ, ಬೆಂಗಳೂರಿನಲ್ಲಿ ನೆಲೆಸಲಿ, ಮನೆಪೆದ ಬದಲಾಗುವುದಿಲ್ಲ, ಹಬ್ಬಕ್ಕೆ ಬರುವುದು ಐನ್‌ಮನೆಗೇ. ಹೆಸರು ಬದಲಾಗುವುದು ಹೆಣ್ಣುಮಗಳು ಮದುವೆಯಾಗಿ ಇನ್ನೊಂದು ಒಕ್ಕಕ್ಕೆ ಸೇರಿದಾಗ, ಆಗಲೂ ತವರುಮನೆಯ ನೆನಪು ಜೊತೆಗೇ ಸಾಗುತ್ತದೆ. ಶಾಖೆಗೊಂದು ಡೊಮೈನ್ ಕಟ್ಟಿದ ಸಂಸ್ಥೆ ಪ್ರತಿಯೊಂದು ವರ್ಗಾವಣೆಯನ್ನೂ ಒಂದು ಮದುವೆಯಾಗಿ ಮಾಡಿಕೊಳ್ಳುತ್ತದೆ.

ನಾಲ್ಕನೆಯ ವಾದ ಹೆಸರುಗಳದ್ದು. ಅಂತರಜಾಲದ ಹೆಸರುಗಳನ್ನು ವಿಳಾಸಗಳಾಗಿ ಬಿಡಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದರಲ್ಲಿ ಕೊಡಗು ಜಿಲ್ಲೆಯ ಅಧಿಕೃತ ಜಾಲತಾಣದ ಹೆಸರಾದ ಕೊಡಗು.ಎನ್‌ಐಸಿ.ಇನ್ ಎಂಬುದನ್ನು ಬಲದಿಂದ ಎಡಕ್ಕೆ ಓದಿದರೆ, ಮೊದಲು ದೇಶ, ಬಳಿಕ ಸಂಸ್ಥೆ, ಕೊನೆಗೆ ಜಿಲ್ಲೆ ಸಿಗುತ್ತದೆ. ಇದನ್ನು ತೋರಿಸಿ, ಸಂಸ್ಥೆಯ ಡೈರೆಕ್ಟರಿಯೂ ಊರುವಾರು ಒಡೆಯಬೇಕೆನ್ನುವವರು ಎರಡು ಬೇರೆ ವಸ್ತುಗಳಿಗಿರುವ ಒಂದೇ ಹೆಸರಿಗೆ ಮೋಸಹೋಗಿದ್ದಾರೆ. ಡಿಎನ್‌ಎಸ್ ಡೊಮೈನ್ ಒಂದು ಯಂತ್ರವನ್ನು ಹುಡುಕುವ ದಾರಿ; ಡೈರೆಕ್ಟರಿಯ ಡೊಮೈನ್ ಯಾರಿಗೆ ಯಾವ ಹಕ್ಕಿದೆ ಎಂದು ಹೇಳುವ ಅಧಿಕಾರ. ಮೊದಲನೆಯದನ್ನು ಎಷ್ಟು ಕವಲು ಮಾಡಿದರೂ ಎರಡನೆಯದನ್ನು ಒಡೆಯಬೇಕಾಗಿಲ್ಲ.

ಊರಿನ ಹೆಸರನ್ನು ಡೊಮೈನಿಗೆ ಇಡುವುದರ ಅವಿವೇಕವನ್ನು ಕೊಡಗಿನ ಚರಿತ್ರೆಯೇ ಹೇಳುತ್ತದೆ. ಇಂಗ್ಲಿಷರ ದಾಖಲೆಗಳ ಮರ್ಕೆರಾ ಈಗ ಮಡಿಕೇರಿ. ಫ್ರೇಜರ್‌ಪೇಟೆ ಈಗ ಕುಶಾಲನಗರ. ತನ್ನದೇ ಶಾಸನಸಭೆಯಿದ್ದ ಕೂರ್ಗ್ ರಾಜ್ಯ 1956ರ ನವೆಂಬರ್ 1ರಂದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಮೂರೇ ತಾಲ್ಲೂಕುಗಳಿದ್ದ ಆ ಜಿಲ್ಲೆಯಲ್ಲಿ ಈಚೆಗೆ ಪೊನ್ನಂಪೇಟೆ, ಕುಶಾಲನಗರಗಳು ಹೊಸ ತಾಲ್ಲೂಕುಗಳಾಗಿವೆ. ಸರ್ಕಾರಗಳೇ ಎಲ್ಲೆಗಳನ್ನು ಹೀಗೆ ತಿದ್ದುತ್ತಿರುವಾಗ, ಬಾಡಿಗೆ ಕಟ್ಟಡದಲ್ಲಿರುವ ಗೋದಾಮು ನಾಳೆ ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗುವುದಿಲ್ಲವೆಂದು ಯಾರು ಹೇಳಬಲ್ಲರು? ಸೈಟಿನ ಹೆಸರನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಡೊಮೈನಿನ ಹೆಸರನ್ನು ತಿದ್ದುವುದು ಪ್ರತಿಯೊಂದು ಕಂಪ್ಯೂಟರನ್ನೂ ತಟ್ಟುವ, ಕೆಲವು ತಂತ್ರಾಂಶಗಳು ಒಪ್ಪಿಕೊಳ್ಳದ ಶಸ್ತ್ರಚಿಕಿತ್ಸೆ. ಸಂಸ್ಥೆ ನೋಂದಾಯಿಸಿಕೊಂಡ ಅಂತರಜಾಲದ ಹೆಸರಿನ ಕೆಳಗೆ ಊರಿನ ಸುಳಿವಿಲ್ಲದ ಒಂದು ಚಿಕ್ಕ ಹೆಸರೇ ಡೈರೆಕ್ಟರಿಗೆ ಸಾಕು. ಹಿಂದೆ ರೂಢಿಯಲ್ಲಿದ್ದ ಡಾಟ್ ಲೋಕಲ್ ಎಂಬ ಬಾಲವನ್ನು 2013ರಲ್ಲಿ ಬೇರೊಂದು ಬಳಕೆಗೆ ಮೀಸಲಿಟ್ಟಿರುವುದರಿಂದ ಅದನ್ನು ಬಿಡುವುದು ಒಳ್ಳೆಯದು.

ಎರಡು ಸಂದರ್ಭಗಳಲ್ಲಿ ಪ್ರತ್ಯೇಕತೆ ನ್ಯಾಯವೇ. ಸಂಸ್ಥೆಯ ಒಂದು ಭಾಗ ಕಾನೂನಿನಲ್ಲಿ ಬೇರೆ ಕಂಪನಿಯಾಗಿದ್ದು, ಅದರ ಪಾಲುದಾರರು ಬೇರೆಯಾಗಿದ್ದು, ಅದನ್ನು ಮುಂದೆ ಮಾರುವ ಆಲೋಚನೆಯಿದ್ದರೆ ಅದಕ್ಕೆ ಬೇರೆ ಡೈರೆಕ್ಟರಿ ಬೇಕು. ಆಗ ಬೇಕಾದುದು ಬೇರೆ ಫಾರೆಸ್ಟೇ ಹೊರತು ಮರಿ ಡೊಮೈನ್ ಅಲ್ಲ. ಖಂಡಗಳಾಚೆ ಲಕ್ಷಾಂತರ ಖಾತೆಗಳಿರುವ ಸಂಸ್ಥೆಗಳಲ್ಲಿ ರೆಪ್ಲಿಕೇಶನ್ ಭಾರವನ್ನು ತಗ್ಗಿಸಲು ಪ್ರಾದೇಶಿಕ ಡೊಮೈನುಗಳನ್ನು ಮಾಡುವುದುಂಟು. ನೂರೈವತ್ತು ಖಾತೆಗಳವರು ಆ ಅಂಗಿಯನ್ನು ತೊಡಬೇಕಾಗಿಲ್ಲ. ಮೈಕ್ರೋಸಾಫ್ಟ್ 2023ರಲ್ಲಿ ಎಂಟ್ರಾ ಐಡಿ ಎಂದು ಹೆಸರು ಬದಲಿಸಿದ ಕ್ಲೌಡ್ ವ್ಯವಸ್ಥೆಯಲ್ಲಂತೂ ಸಂಸ್ಥೆಗೆ ಟೆನೆಂಟ್ ಎಂಬ ಒಂದೇ ನೆಲೆಯಿದ್ದು, ಡೊಮೈನುಗಳ ಮರಕ್ಕೆ ಅಲ್ಲಿ ಜಾಗವೇ ಇಲ್ಲ.

ಆದ್ದರಿಂದ ಯೋಜನೆ ಆರಂಭವಾಗಬೇಕಾದುದು ನಕ್ಷೆಯಿಂದಲ್ಲ. ಒಂದು ಹಾಳೆಯಲ್ಲಿ ಆರು ಕಚೇರಿಗಳ ಹೆಸರನ್ನು ಬರೆದು, ಪ್ರತಿಯೊಂದರ ಎದುರಿಗೂ ಎರಡು ಪ್ರಶ್ನೆಗಳಿಗೆ ಉತ್ತರ ತುಂಬಬೇಕು: ಇಲ್ಲಿಗೆ ಬರುವ ತಂತಿ ಎಷ್ಟು ಗಟ್ಟಿ, ಮತ್ತು ಇಲ್ಲಿ ಒಬ್ಬರಿಗೆ ಕೆಲಸ ಕೊಡುವ, ಬಿಡಿಸುವ ಕೊನೆಯ ಮಾತು ಯಾರದು? ಮೊದಲ ಪ್ರಶ್ನೆಯ ಉತ್ತರಗಳು ಆರೂ ಬೇರೆಬೇರೆಯಾಗಿದ್ದರೆ ಸೈಟುಗಳು ಆರು. ಎರಡನೆಯ ಪ್ರಶ್ನೆಯ ಎದುರಿಗೆ ಆರು ಸಲವೂ ಮಡಿಕೇರಿಯ ಒಬ್ಬರದೇ ಹೆಸರು ಬಂದರೆ ಡೊಮೈನ್ ಒಂದು.